ಗುರುವಿನ ಅನ್ನ

ಓದಿದವನು ಊಟಕ್ಕೆ ಏನು ಮಾಡಬೇಕು? ಮೇಲುನೋಟಕ್ಕೆ ಇದು ಸಣ್ಣ ಪ್ರಶ್ನೆ. ಆದರೆ ಧರ್ಮವೊಂದನ್ನು ತಲೆಮಾರಿನಿಂದ ತಲೆಮಾರಿಗೆ ಕಾಪಾಡಿಕೊಂಡು ಬರಬೇಕೆಂದಿರುವ ಯಾವ ಜನಾಂಗಕ್ಕೂ ಈ ಪ್ರಶ್ನೆ ತಪ್ಪಿದ್ದಲ್ಲ. ಶಾಸ್ತ್ರ ಕಲಿಯುವುದಕ್ಕೆ ಬಿಡುವು ಬೇಕು. ಒಬ್ಬನಿಗೆ ಬಿಡುವು ದೊರೆಯಬೇಕಾದರೆ ಇನ್ನೊಬ್ಬನು ದುಡಿಯಬೇಕು. ಹಾಗೆ ದುಡಿದು ಹಾಕಿದವನ ಋಣ ಓದಿದವನ ನಾಲಗೆಯ ಮೇಲೆ ಕುಳಿತುಬಿಡುತ್ತದೆ. ನಾಳೆ ನ್ಯಾಯ ಹೇಳುವ ಹೊತ್ತಿಗೆ ಆ ನಾಲಗೆ ಎತ್ತ ಹೊರಳೀತೆಂದು ಯಾರು ಬಲ್ಲರು?

ಎಂಟುನೂರು ವರ್ಷಗಳಿಗೂ ಹಿಂದೆ ಯೆಹೂದ್ಯರ ಒಬ್ಬ ರಬ್ಬಿ ಈ ಪ್ರಶ್ನೆಗೆ ಬಹು ಖಂಡಿತವಾದ ಉತ್ತರವನ್ನು ಬರೆದಿಟ್ಟನು. ಬರೆದಾಗ ಆತನ ಮನೆಯಲ್ಲಿ ಅನ್ನಕ್ಕೆ ಕೊರತೆಯಿರಲಿಲ್ಲ. ಕೆಲವು ವರ್ಷಗಳಲ್ಲಿಯೇ ಕೊರತೆ ಬಂದಿತು. ಬರೆದ ಮಾತು ಬರೆದವನನ್ನೇ ಹುಡುಕಿಕೊಂಡು ಬಾಗಿಲಿಗೆ ಬಂದು ನಿಂತಿತು. ಆ ರಬ್ಬಿಯ ಹೆಸರು ಮೋಶೆ ಬೆನ್ ಮೈಮೋನ್, ಹೊರಜಗತ್ತಿಗೆ ಮೈಮಾನಿಡೀಸ್. ಆತನನ್ನು ತತ್ತ್ವಜ್ಞಾನಿಯೆಂದು ಹೊಗಳುವವರು ಬಹಳ ಮಂದಿ. ನಾನು ಇಲ್ಲಿ ಹೇಳಹೊರಟಿರುವುದು ಆತನ ತತ್ತ್ವವನ್ನಲ್ಲ. ಆತನ ಮನೆಯ ಅನ್ನದ ಕಥೆಯನ್ನು. ಆತನ ಧರ್ಮ, ಸಂಸಾರ, ಸಮಾಜ ಮೂರೂ ಈ ಒಂದು ಅನ್ನದ ತಟ್ಟೆಯ ಸುತ್ತ ಕೂಡಿಕೊಂಡಿವೆ ಎಂಬುದು ಆತನ ಕಾಗದಪತ್ರಗಳನ್ನು ಓದಿದಾಗಲೆಲ್ಲ ನನಗೆ ಅನ್ನಿಸಿದೆ.

ಮೊದಲು ರಬ್ಬಿ ಎಂದರೆ ಯಾರು ಎಂಬುದನ್ನು ಹೇಳಬೇಕು. ರಬ್ಬಿಯು ಪೂಜಾರಿಯಲ್ಲ. ಆ ಪದಕ್ಕೆ ‘ನನ್ನ ಗುರು’ ಎಂದು ಅರ್ಥ. ಜೆರೂಸಲೇಮಿನಲ್ಲಿ ದೇವಾಲಯವಿದ್ದ ಕಾಲದಲ್ಲಿ ಪೂಜಾರಿಗಳಿದ್ದರು. ಬೆಳೆಯಲ್ಲಿ ಇಷ್ಟು ಪಾಲು ಅವರಿಗೆ ಸಲ್ಲಬೇಕೆಂದು ಶಾಸ್ತ್ರವೇ ವಿಧಿಸಿತ್ತು. ಕ್ರಿಸ್ತಶಕ 70ರಲ್ಲಿ ರೋಮನರು ಆ ದೇವಾಲಯವನ್ನು ಸುಟ್ಟರು. ಬಲಿಪೀಠ ಹೋಯಿತು, ಉಳಿದದ್ದು ಗ್ರಂಥ. ಗ್ರಂಥವನ್ನು ಓದಿ ಅರ್ಥ ಹೇಳಿ, ಮದುವೆ, ವಿಚ್ಛೇದನ, ಸಾಲ, ವಾರಸು, ಊಟ, ಉಪವಾಸಗಳ ವಿಷಯದಲ್ಲಿ ಇದು ಸರಿ, ಇದು ಸಲ್ಲದು ಎಂದು ತೀರ್ಮಾನಿಸುವ ಪಂಡಿತನೇ ಸಮಾಜದ ಆಧಾರವಾದನು. ಪೂಜಾರಿಗಿದ್ದ ಪಾಲು ಈ ಪಂಡಿತನಿಗೆ ಇರಲಿಲ್ಲ. ಹಳೆಯ ರಬ್ಬಿಗಳಲ್ಲಿ ಮರ ಕಡಿಯುವವರಿದ್ದರು, ಕಮ್ಮಾರರಿದ್ದರು, ಚಮ್ಮಾರರಿದ್ದರು. ಕಾಲ ಕಳೆದಂತೆ ದೊಡ್ಡ ದೊಡ್ಡ ವಿದ್ಯಾಪೀಠಗಳು ಬೆಳೆದವು. ಅವುಗಳ ಹೆಸರಿನಲ್ಲಿ ದೂರದೂರದ ಊರುಗಳಿಂದ ಕಾಣಿಕೆ ಎತ್ತುವುದು ರೂಢಿಗೆ ಬಂದಿತು. ಕೊಡುವುದು ಪುಣ್ಯ, ಕೇಳುವುದು ಹಕ್ಕು ಎಂಬ ಭಾವನೆ ಬೇರೂರಿತು. ಮೈಮಾನಿಡೀಸನು ಹುಟ್ಟಿದ ಕಾಲಕ್ಕೆ ಇದನ್ನು ಪ್ರಶ್ನಿಸುವವರೇ ಹೆಚ್ಚಾಗಿ ಇರಲಿಲ್ಲ.

ಆತನು ಹುಟ್ಟಿದ್ದು ಸ್ಪೇನಿನ ಕಾರ್ಡೋವಾ ನಗರದಲ್ಲಿ, 1138ರ ಸುಮಾರಿಗೆ. ತಂದೆ ಮೈಮೋನ್ ಆ ಊರಿನ ಯೆಹೂದ್ಯರ ನ್ಯಾಯಾಧೀಶ. ಹುಡುಗನಿಗೆ ಹತ್ತು ವರ್ಷವಾಗುವ ಹೊತ್ತಿಗೆ, 1148ರಲ್ಲಿ, ಅಲ್ಮೊಹಾದರೆಂಬ ಮತಾವೇಶದ ಅರಸುಪಂಗಡದವರು ಆಫ್ರಿಕದಿಂದ ಬಂದು ನಗರವನ್ನು ಹಿಡಿದರು. ಅವರ ಆಳ್ವಿಕೆಯಲ್ಲಿ ಯೆಹೂದ್ಯನು ಯೆಹೂದ್ಯನಾಗಿ ಬಾಳುವುದು ಸಾಧ್ಯವಿರಲಿಲ್ಲ. ಸಂಸಾರ ಊರು ಬಿಟ್ಟಿತು. ಸ್ಪೇನಿನಲ್ಲಿ ಅಲೆದು, 1160ರ ಸುಮಾರಿಗೆ ಮೊರಾಕ್ಕೋದ ಫೆಜ್ ಪಟ್ಟಣವನ್ನು ಸೇರಿ, ಅಲ್ಲಿಯೂ ನಿಲ್ಲಲಾಗದೆ 1165ರ ಏಪ್ರಿಲಿನಲ್ಲಿ ಹಡಗು ಹತ್ತಿತು. ನಡುಗಡಲಿನಲ್ಲಿ ಭಯಂಕರವಾದ ಬಿರುಗಾಳಿ ಎದ್ದಿತು. ಬದುಕಿ ದಡ ಸೇರಿದ ಮೇಲೆ ಮೋಶೆಯು ಒಂದು ಹರಕೆ ಹೊತ್ತನು: ವರ್ಷವರ್ಷವೂ ಬಿರುಗಾಳಿಯ ಆ ದಿನದಂದು ಯಾರ ಮುಖವನ್ನೂ ನೋಡದೆ ಒಬ್ಬನೇ ಕುಳಿತು ಪ್ರಾರ್ಥಿಸುವುದು, ಅಂದು ಕಡಲಿನಲ್ಲಿ ತನಗೆ ದೇವರ ಹೊರತು ಇನ್ನೊಬ್ಬರು ಇರಲಿಲ್ಲವಲ್ಲ, ಅದರ ನೆನಪಿಗೆ. ಅಕ್ಕಾ ಬಂದರಿನಲ್ಲಿ ಇಳಿದು, ಜೆರೂಸಲೇಮನ್ನು ಕಂಡು, ಕೊನೆಗೆ ಈಜಿಪ್ಟಿಗೆ ಬಂದು, ಕೈರೋ ನಗರಕ್ಕೆ ಅಂಟಿಕೊಂಡಂತಿದ್ದ ಹಳೆಯ ಪಟ್ಟಣವಾದ ಫುಸ್ತಾತಿನಲ್ಲಿ ನೆಲೆಸಿದರು. ಅಷ್ಟರಲ್ಲಿ ತಂದೆ ತೀರಿಕೊಂಡಿದ್ದನು. ಮನೆಯಲ್ಲಿ ಮೋಶೆ, ತಮ್ಮ ದಾವೀದ ಮತ್ತು ಅಕ್ಕತಂಗಿಯರು.

ಈ ಅಲೆದಾಟದ ಉದ್ದಕ್ಕೂ ಮೋಶೆಯು ಬರೆಯುತ್ತಲೇ ಇದ್ದನು. ಮಿಶ್ನಾ ಎಂಬ ಪ್ರಾಚೀನ ಧರ್ಮಸಂಹಿತೆಗೆ ಭಾಷ್ಯವನ್ನು ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಆರಂಭಿಸಿ ಮೂವತ್ತರಲ್ಲಿ, ಎಂದರೆ 1168ರ ಸುಮಾರಿಗೆ, ಈಜಿಪ್ಟಿನಲ್ಲಿ ಮುಗಿಸಿದನು. ಕೆಲವು ಭಾಗಗಳನ್ನು ದಾರಿಯ ಬಿಡಾರಗಳಲ್ಲಿ, ಕೆಲವನ್ನು ಹಡಗಿನ ಮೇಲೆಯೇ ಬರೆದುದಾಗಿ ಗ್ರಂಥದ ಕೊನೆಯಲ್ಲಿ ಹೇಳಿಕೊಂಡಿದ್ದಾನೆ. ತಪ್ಪು ಕಂಡರೆ ಮನ್ನಿಸಿ ಎಂದು ಕೇಳುವುದಕ್ಕಾಗಿ ಬರೆದ ಮಾತು ಅದು. ಇಂದು ಓದುವ ನಮಗೆ ಅದೇ ಆತನ ದೊಡ್ಡ ಪ್ರಶಸ್ತಿಪತ್ರವಾಗಿ ತೋರುತ್ತದೆ.

ಈ ಭಾಷ್ಯದಲ್ಲಿಯೇ ಅನ್ನದ ಪ್ರಶ್ನೆ ಬರುವುದು. ವಿದ್ಯೆಯನ್ನು ಮೆರೆಯುವುದಕ್ಕಾಗಲಿ ಹೊಟ್ಟೆ ಹೊರೆಯುವುದಕ್ಕಾಗಲಿ ಉಪಕರಣ ಮಾಡಿಕೊಳ್ಳಬಾರದು ಎಂಬರ್ಥದ ಹಳೆಯ ಸೂಕ್ತಿಯೊಂದು ಮಿಶ್ನಾದಲ್ಲಿದೆ. ಬೇರೆ ಭಾಷ್ಯಕಾರರು ಅದನ್ನು ಎರಡು ಸಾಲಿನಲ್ಲಿ ವಿವರಿಸಿ ಮುಂದೆ ಹೋಗಬಹುದಾಗಿತ್ತು. ಮೈಮಾನಿಡೀಸನು ಹೋಗಲಿಲ್ಲ. ತಾನು ಹೇಳುವುದು ತೋರಾ ಪಂಡಿತರಲ್ಲಿ ಬಹುಮಂದಿಗೆ, ಪ್ರಾಯಶಃ ಎಲ್ಲರಿಗೂ, ಹಿಡಿಸಲಾರದು, ಆದರೂ ಯಾರ ಮುಖವನ್ನೂ ನೋಡದೆ ಹೇಳುತ್ತೇನೆ ಎಂದು ಪೀಠಿಕೆ ಹಾಕಿ, ಜನರಿಂದ ಹಣವೆತ್ತಿ ಬದುಕುವ ವಿದ್ವತ್ತನ್ನು ನಿಷ್ಠುರವಾಗಿ ಖಂಡಿಸಿದನು. ಮಹಾಪಂಡಿತನಾದ ಹಿಲ್ಲೇಲನು ಸೌದೆ ಕಡಿದು ಬದುಕುತ್ತಿರಲಿಲ್ಲವೆ? ಕೇಳಿದ್ದರೆ ಅವನ ಮನೆಯನ್ನು ಜನ ಹೊನ್ನಿನಿಂದ ತುಂಬಿಸುತ್ತಿರಲಿಲ್ಲವೆ? ಕಾರ್ನಾ ಎಂಬ ನ್ಯಾಯಾಧೀಶನೊಬ್ಬನಿದ್ದ. ಅವನ ಕಸುಬು ನೀರು ಸೇದುವುದು. ವ್ಯಾಜ್ಯ ತಂದವರಿಗೆ ಅವನು, ನನ್ನ ಬದಲು ನೀರು ಸೇದಲು ಒಬ್ಬನನ್ನು ಕೊಡಿ, ಇಲ್ಲವೆ ಅಷ್ಟು ಹೊತ್ತಿನ ನನ್ನ ಕೂಲಿಯ ನಷ್ಟವನ್ನು ಕಟ್ಟಿಕೊಡಿ, ನಿಮ್ಮ ನ್ಯಾಯ ತೀರಿಸುತ್ತೇನೆ ಎನ್ನುತ್ತಿದ್ದನಂತೆ. ಈ ಕಾರ್ನಾನನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅವನು ಮತ್ತೆ ಬರುತ್ತಾನೆ.

ಹಾಗಾದರೆ ಪಂಡಿತನಿಗೆ ಯಾವ ಅನುಕೂಲವೂ ಇಲ್ಲವೆ? ಕೆಲವನ್ನು ಭಾಷ್ಯಕಾರನು ಒಪ್ಪಿದನು. ಪಂಡಿತನಿಗೆ ತೆರಿಗೆಯಲ್ಲಿ ವಿನಾಯಿತಿ ಇರಬಹುದು. ಅವನ ಸರಕು ಸಂತೆಯಲ್ಲಿ ಮೊದಲು ಮಾರಾಟವಾಗಬಹುದು. ಇನ್ನೊಂದು: ಪಂಡಿತನು ತನ್ನ ಬಂಡವಾಳವನ್ನು ನಂಬಿಕೆಯ ವರ್ತಕನೊಬ್ಬನ ಕೈಗೆ ಕೊಟ್ಟು, ಆ ವರ್ತಕನು ಅದನ್ನು ವ್ಯಾಪಾರದಲ್ಲಿ ತೊಡಗಿಸಿ ಲಾಭ ತಂದುಕೊಟ್ಟರೆ ಅದರಲ್ಲಿ ದೋಷವಿಲ್ಲ. ಈ ಕೊನೆಯ ಮಾತನ್ನು ಓದುವಾಗ ನನ್ನ ಬೆರಳು ಆ ಸಾಲಿನ ಮೇಲೆ ನಿಂತುಬಿಡುತ್ತದೆ. ಏಕೆಂದರೆ ಇದು ಬರಿಯ ಶಾಸ್ತ್ರವಿಚಾರವಲ್ಲ; ಆತನ ಸ್ವಂತ ಮನೆಯ ವ್ಯವಸ್ಥೆ. ಆ ನಂಬಿಕೆಯ ವರ್ತಕನು ಆತನ ತಮ್ಮ ದಾವೀದ.

ದಾವೀದನ ವ್ಯಾಪಾರದ ಹಾದಿ ಯಾವುದೆಂಬುದನ್ನು ತಿಳಿಯಬೇಕಾದರೆ ಫುಸ್ತಾತಿನ ಬೆನ್ ಎಜ್ರಾ ಪ್ರಾರ್ಥನಾಮಂದಿರದ ಒಂದು ಕತ್ತಲೆ ಕೋಣೆಗೆ ಹೋಗಬೇಕು. ದೇವರ ಹೆಸರು ಬರೆದಿರಬಹುದಾದ ಕಾಗದವನ್ನು ಕಸಕ್ಕೆ ಎಸೆಯಬಾರದೆಂಬುದು ಯೆಹೂದ್ಯರ ನಡವಳಿಕೆ. ಅಂಥ ಹಳೆಯ ಕಾಗದಗಳನ್ನು ಹಾಕಿಡುವ ಜಾಗಕ್ಕೆ ಗೆನೀಜಾ ಎಂದು ಹೆಸರು. ಇಲ್ಲಿ ಶತಮಾನಗಳಿಂದ ರಾಶಿ ಬಿದ್ದಿದ್ದ ಕಾಗದಗಳ ಬಹುಪಾಲನ್ನು 1896–97ರಲ್ಲಿ ಸಾಲೊಮನ್ ಶೆಕ್ಟರ್ ಎಂಬ ವಿದ್ವಾಂಸರು ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಸಾಗಿಸಿದರು. ಧರ್ಮಗ್ರಂಥಗಳ ಹಾಳೆಗಳ ಜೊತೆಗೆ ಮದುವೆಯ ಕರಾರು, ಸಾಲದ ಚೀಟಿ, ಸರಕಿನ ಪಟ್ಟಿ, ಗಂಡ ಹೆಂಡತಿಗೆ ಬರೆದ ಕಾಗದ, ಎಲ್ಲವೂ ಅಲ್ಲಿದ್ದವು. ಮುಂದೆ ಗೊಯಿಟೈನ್ ಎಂಬ ಇನ್ನೊಬ್ಬ ವಿದ್ವಾಂಸರು ತಮ್ಮ ಆಯುಷ್ಯದ ಬಹುಭಾಗವನ್ನು ಈ ಕಾಗದಗಳಿಗೇ ಕೊಟ್ಟರು.

ಈ ರಾಶಿಯಲ್ಲಿ ನಮ್ಮ ಕರಾವಳಿಯ ಹೆಸರೂ ಉಂಟು. ಅಬ್ರಹಾಮ ಬೆನ್ ಯಿಜು ಎಂಬ ವರ್ತಕ, ಮೂಲತಃ ಇಂದಿನ ಟ್ಯೂನೀಸಿಯದವನು, ಏಡನ್ನಿನ ಮಾರ್ಗವಾಗಿ ನಮ್ಮ ಪಶ್ಚಿಮ ತೀರಕ್ಕೆ ಬಂದು ಹದಿನೇಳು ವರ್ಷ ಇದ್ದನು. 1132ರ ಅಕ್ಟೋಬರ್ 17ರಂದು ಆತನು ಮಂಗಳೂರಿನಲ್ಲಿ ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ ಸಿಕ್ಕಿದೆ. ಅವಳನ್ನೇ ಆತನು ಕೈಹಿಡಿದನೆಂದು ಗೊಯಿಟೈನ್ ಅವರ ಅಭಿಪ್ರಾಯ. ಬೊಮ್ಮ ಎಂಬ ಈ ನಾಡಿನ ಆಳು ಆತನ ವ್ಯವಹಾರಕ್ಕಾಗಿ ಏಡನ್ನಿಗೆ ಹೋಗಿಬರುತ್ತಿದ್ದನು. ಮೆಣಸು, ಅಡಕೆ, ಏಲಕ್ಕಿ, ಕಬ್ಬಿಣ ಇಲ್ಲಿಂದ ಹೋಗುತ್ತಿದ್ದವು. 1149ರಲ್ಲಿ ಬೆನ್ ಯಿಜು ಮಕ್ಕಳೊಡನೆ ಏಡನ್ನಿಗೆ ಹಿಂತಿರುಗಿದನು. ಬದುಕಿ ಉಳಿದ ಒಬ್ಬಳೇ ಮಗಳ ಮದುವೆ 1156ರಲ್ಲಿ ಫುಸ್ತಾತಿನಲ್ಲಿ ನಡೆಯಿತು. ಮೈಮಾನಿಡೀಸನ ಸಂಸಾರ ಆ ಊರಿಗೆ ಕಾಲಿಟ್ಟದ್ದು ಇದಾಗಿ ಹತ್ತು ವರ್ಷಕ್ಕೆ. ಭಾರತ ಎಂದರೆ ಆ ಊರಿನ ಯೆಹೂದ್ಯ ವರ್ತಕರಿಗೆ ಕಥೆಯ ದೇಶವಾಗಿರಲಿಲ್ಲ. ಹೋಗಿಬಂದವರ ಮನೆಗಳು ಅಲ್ಲಿಯೇ ಇದ್ದವು. ದಾವೀದನು ಈ ಹಾದಿಗೆ ಮನಸ್ಸು ಮಾಡಿದುದರಲ್ಲಿ ಆಶ್ಚರ್ಯವೇನೂ ಇಲ್ಲ.

ದಾವೀದನು 1170ರ ಸುಮಾರಿಗೆ ಅಣ್ಣನಿಗೆ ಬರೆದ ಒಂದು ಕಾಗದ ಈಗ ಕೇಂಬ್ರಿಜ್‌ನಲ್ಲಿದೆ. ಬರೆದ ಜಾಗ ಐದಾಬ್, ಕೆಂಪು ಸಮುದ್ರದ ದಡದ ಒಂದು ಬಂದರು. ನೈಲ್ ನದಿಯ ತೀರದಿಂದ ಅಲ್ಲಿಗೆ ಬರಬೇಕಾದರೆ ಮರುಭೂಮಿಯನ್ನು ದಾಟಬೇಕು. ದಾವೀದನೂ ಇನ್ನೊಬ್ಬನೂ ದುಡುಕಿ, ವರ್ತಕರ ತಂಡವನ್ನು ಬಿಟ್ಟು ತಾವಿಬ್ಬರೇ ಹೊರಟುಬಿಟ್ಟಿದ್ದರು. ಹೇಗೋ ಬದುಕಿ ಬಂದರು. ತಂಡದೊಡನೆ ಬಂದವರೋ ದಾರಿಯಲ್ಲಿ ಸುಲಿಗೆಗೆ ಸಿಕ್ಕಿ, ಕೆಲವರು ಸತ್ತು, ನೊಂದು ಬಂದರು. ಅಷ್ಟು ಕಷ್ಟಪಟ್ಟು ಬಂದು ನೋಡಿದರೆ ಬಂದರಿನಲ್ಲಿ ಹೊಸ ಸರಕೇ ಬಂದಿರಲಿಲ್ಲ. ಕೊಳ್ಳುವುದಕ್ಕೆ ನೀಲಿಯ ಹೊರತು ಬೇರೇನೂ ಇಲ್ಲ. ಬರಿಗೈಯಲ್ಲಿ ಹಿಂತಿರುಗುವುದು ಹೇಗೆ? ಭಾರತಕ್ಕೇ ಹೋಗುತ್ತೇನೆ ಎಂದು ದಾವೀದ ಬರೆದನು. ಮರುಭೂಮಿಯಲ್ಲಿ ಕಾಪಾಡಿದ ದೇವರು ಕಡಲಿನಲ್ಲಿಯೂ ಕಾಪಾಡುತ್ತಾನೆ, ನೀನು ಚಿಂತಿಸಬೇಡ ಎಂದು ಅಣ್ಣನಿಗೆ ಸಮಾಧಾನ ಹೇಳಿದನು. ತನ್ನ ಹೆಂಡತಿಯನ್ನು ‘ಚಿಕ್ಕವಳು’ ಎಂದು ಕರೆದು, ಅವಳಿಗೂ ಅವಳ ಅಕ್ಕತಂಗಿಗೂ ಧೈರ್ಯ ಹೇಳು, ಅವರನ್ನು ಹೆದರಿಸಬೇಡ ಎಂದು ಕೇಳಿಕೊಂಡನು. ಅಣ್ಣನೆಂದರೆ ಭಯಭಕ್ತಿಯುಳ್ಳ ತಮ್ಮ, ತಾನು ಮಾಡಿದ ದುಡುಕನ್ನು ಮುಚ್ಚಿಡದೆ, ಆದರೆ ಮನೆಯವರು ಗಾಬರಿಯಾಗದಂತೆ ಹೇಳಲು ಪಡುವ ಪಾಡು ಆ ಕಾಗದದಲ್ಲಿ ಎದ್ದು ಕಾಣುತ್ತದೆ.

ಒಂದು ದಿನ ಹಡಗು ಹಿಂದೂ ಮಹಾಸಾಗರದಲ್ಲಿ ಮುಳುಗಿತು. ದಾವೀದನು ಅದರೊಡನೆ ಹೋದನು.

ಸುಮಾರು 1185ರಲ್ಲಿ, ಅಕ್ಕಾ ಪಟ್ಟಣದಲ್ಲಿದ್ದ ಯೆಫೆತ್ ಎಂಬ ಹಳೆಯ ಗೆಳೆಯನಿಗೆ ಮೈಮಾನಿಡೀಸನು ಈ ಸುದ್ದಿಯನ್ನು ಬರೆದನು. ಆಗ ಸಾವಾಗಿ ಎಂಟು ವರ್ಷಗಳಾಗಿದ್ದವು. ತನ್ನ ಹಣ, ತಮ್ಮನ ಹಣ, ಬೇರೆಯವರ ಹಣ ಎಲ್ಲವೂ ಆ ಹಡಗಿನಲ್ಲಿತ್ತು. ತಮ್ಮನ ಹೆಂಡತಿ, ಪುಟ್ಟ ಮಗಳು ತನ್ನ ಪಾಲಿಗೆ ಉಳಿದರು. ಸುದ್ದಿ ಬಂದ ದಿನದಿಂದ ಸುಮಾರು ಒಂದು ವರ್ಷ ತಾನು ಹಾಸಿಗೆ ಹಿಡಿದದ್ದು, ಮೈಯಲ್ಲಿ ಹುಣ್ಣು, ಜ್ವರ, ಬುದ್ಧಿಗೆ ಮಂಕು ಕವಿದು ಸಾವಿನ ಬಾಗಿಲವರೆಗೆ ಹೋದದ್ದು, ಎಲ್ಲವನ್ನೂ ಬರೆದನು. ದಾವೀದನನ್ನು ಮಡಿಲಲ್ಲಿ ಬೆಳೆಸಿದವನು ತಾನು. ಅವನು ತಮ್ಮನೂ ಹೌದು, ಶಿಷ್ಯನೂ ಹೌದು. ಅವನು ಪೇಟೆಯಲ್ಲಿ ದುಡಿಯುತ್ತಿದ್ದನು, ತಾನು ನಿಶ್ಚಿಂತೆಯಿಂದ ಕುಳಿತಿದ್ದೆನು ಎಂದು ಒಪ್ಪಿಕೊಂಡನು. ಈಗಲೂ ಅವನ ಕೈಬರಹವೋ ಅವನ ಪುಸ್ತಕವೋ ಕಣ್ಣಿಗೆ ಬಿದ್ದರೆ ಕರುಳು ಹೊರಳುತ್ತದೆ ಎಂದನು. ದುಃಖವನ್ನು ಹಿಡಿತದಲ್ಲಿಡಬೇಕೆಂದು, ಶಾಸ್ತ್ರ ಹೇಳಿದ ದಿನಗಳಿಗಿಂತ ಹೆಚ್ಚು ಅಳಬಾರದೆಂದು ಬೇರೆಯವರಿಗೆ ವಿಧಿಸಿದ ಧರ್ಮಶಾಸ್ತ್ರಕಾರನೇ ಎಂಟು ವರ್ಷ ಅಳುತ್ತಿದ್ದನು.

ಈಗ ಆತನ ಮುಂದೆ ಎರಡು ದಾರಿಗಳಿದ್ದವು. ಆಗಲೇ ಆತನ ಕೀರ್ತಿ ಹಬ್ಬಿತ್ತು. 1172ರಲ್ಲಿ ಯೆಮೆನಿನ ಯೆಹೂದ್ಯರು ಮತಾಂತರದ ಬಲವಂತಕ್ಕೂ ಒಬ್ಬ ಹುಸಿ ಉದ್ಧಾರಕನ ಮಾತಿಗೂ ಸಿಕ್ಕಿ ತಲ್ಲಣಿಸುತ್ತಿದ್ದಾಗ ಆತನು ಬರೆದ ಪತ್ರ ಆ ಇಡೀ ನಾಡಿಗೆ ಧೈರ್ಯ ಕೊಟ್ಟಿತ್ತು. ಈಜಿಪ್ಟಿನ ಯೆಹೂದ್ಯರ ಹಿರಿತನವೂ ಆತನಿಗೆ ಬಂದಿತ್ತು. ಒಂದು ಮಾತು ಹೇಳಿದ್ದರೆ ಸಾಕು, ಆ ವಿಧವೆಯನ್ನೂ ಮಗುವನ್ನೂ ಪಂಡಿತನನ್ನೂ ಸಾಕುವುದಕ್ಕೆ ಸಾವಿರ ಕೈಗಳು ಮುಂದೆ ಬರುತ್ತಿದ್ದವು. ಕೇಳುವುದಕ್ಕೆ ರೂಢಿಯ ಬೆಂಬಲವೂ ಇತ್ತು. ಅಡ್ಡವಾಗಿದ್ದುದು ತಾನೇ ಬರೆದ ಆ ಕೆಲವು ಪುಟಗಳು ಮಾತ್ರ.

ಆತನು ಕೇಳಲಿಲ್ಲ. ಕಲಿತಿದ್ದ ವೈದ್ಯವಿದ್ಯೆಯನ್ನೇ ಜೀವನಕ್ಕೆ ಆಧಾರ ಮಾಡಿಕೊಂಡನು. 1178ರ ಹೊತ್ತಿಗೆ ಮುಗಿದ, ಹದಿನಾಲ್ಕು ಭಾಗಗಳ ‘ಮಿಶ್ನೇ ತೋರಾ’ ಎಂಬ ಮಹಾಸಂಹಿತೆಯಲ್ಲಿ ಹಿಂದಿನ ಮಾತನ್ನು ಇನ್ನೂ ಬಿಗಿಮಾಡಿದನು. ದುಡಿಯದೆ, ದಾನದ ಮೇಲೆ ಬದುಕುತ್ತ ತೋರಾ ಓದುತ್ತೇನೆ ಎನ್ನುವವನು ದೇವರ ಹೆಸರಿಗೆ ಕಳಂಕ ತರುತ್ತಾನೆ. ನಾನು ಪಂಡಿತ, ನನ್ನನ್ನು ಸಾಕಿರಿ ಎನ್ನುವುದಕ್ಕಿಂತ ಸಂತೆಯಲ್ಲಿ ಸತ್ತ ದನದ ಚರ್ಮ ಸುಲಿದು ಬದುಕುವುದು ಮೇಲು, ಎಂಬುದು ಅಲ್ಲಿನ ತೀರ್ಪು.

ಇದನ್ನು ಓದಿ, ಆತನು ಬಡವರ ವಿಷಯದಲ್ಲಿ ಕಟುವಾಗಿದ್ದನೆಂದು ಯಾರೂ ತಿಳಿಯಬಾರದು. ಅದೇ ಸಂಹಿತೆಯಲ್ಲಿ ದಾನಕ್ಕೆ ಎಂಟು ಮೆಟ್ಟಿಲುಗಳನ್ನು ಕಟ್ಟಿದ್ದಾನೆ. ಎಲ್ಲಕ್ಕಿಂತ ಕೆಳಗಿನದು ಮುಖ ಗಂಟಿಕ್ಕಿಕೊಂಡು ಕೊಡುವುದು. ಕೊಟ್ಟವನಾರೆಂದು ಪಡೆದವನಿಗೂ, ಪಡೆದವನಾರೆಂದು ಕೊಟ್ಟವನಿಗೂ ತಿಳಿಯದಿರುವುದು ಬಹು ಮೇಲಿನದು. ಅದಕ್ಕೂ ಮೇಲೆ, ತುತ್ತತುದಿಯ ಮೆಟ್ಟಿಲು: ಬೀಳುತ್ತಿರುವವನಿಗೆ ಸಾಲವನ್ನೋ ಬಂಡವಾಳವನ್ನೋ ಕೊಟ್ಟು, ಪಾಲುಗಾರನನ್ನಾಗಿ ಸೇರಿಸಿಕೊಂಡು, ಅಥವಾ ಒಂದು ಕೆಲಸ ಹುಡುಕಿಕೊಟ್ಟು, ಇನ್ನೊಬ್ಬರ ಮುಂದೆ ಕೈಯೊಡ್ಡದಂತೆ ನಿಲ್ಲಿಸುವುದು. ತಾನು ಯಾವ ಅನ್ನವನ್ನು ಬಯಸಿದನೋ ಅದನ್ನೇ ಬೇರೆಯವರಿಗೂ ಬಯಸಿದನು ಎಂದು ನಾನು ಇದನ್ನು ಅರ್ಥಮಾಡಿಕೊಳ್ಳುತ್ತೇನೆ. ಇನ್ನು ಸೆರೆಯಾಳುಗಳ ಮಾತು ಬಂದರೆ ಈ ಮೆಟ್ಟಿಲುಗಳೂ ಇಲ್ಲ, ಲೆಕ್ಕವೂ ಇಲ್ಲ. 1168ರಲ್ಲಿ ಕ್ರೂಸೇಡಿನ ಸೈನ್ಯ ಈಜಿಪ್ಟಿನ ಬಿಲ್‌ಬೈಸ್ ಪಟ್ಟಣವನ್ನು ಹಿಡಿದು ಅಲ್ಲಿಯ ಯೆಹೂದ್ಯರನ್ನು ಸೆರೆ ಒಯ್ದಿತು. ಅವರನ್ನು ಬಿಡಿಸುವುದಕ್ಕಾಗಿ ಊರೂರಿಗೆ ಕಾಗದ ಬರೆದು, ಜನರನ್ನು ಕಳಿಸಿ, ಹಣ ಕೂಡಿಸಿದವನು ಇದೇ ಮೈಮಾನಿಡೀಸ್. ಆ ಕಾಗದಗಳೂ ಗೆನೀಜಾದಲ್ಲಿ ದೊರೆತಿವೆ. ತನಗಾಗಿ ಒಂದು ಕಾಸು ಕೇಳದವನು ಸೆರೆಯಾಳಿಗಾಗಿ ಎಲ್ಲರ ಬಾಗಿಲನ್ನೂ ತಟ್ಟಿದನು.

ಜನ ಆತನ ಬಳಿಗೆ ತರುತ್ತಿದ್ದ ವ್ಯಾಜ್ಯಗಳೂ ಎಷ್ಟೋ ವೇಳೆ ಅನ್ನದವೇ. ಒಂದನ್ನು ಮಾತ್ರ ಹೇಳುತ್ತೇನೆ. ಒಬ್ಬ ಹೆಣ್ಣುಮಗಳು, ಬಹು ಚಿಕ್ಕಂದಿನಲ್ಲಿ ಮದುವೆಯಾಗಿತ್ತು. ಗಂಡ ಅವಳನ್ನೂ ಮಕ್ಕಳನ್ನೂ ಬಿಟ್ಟು ದೇಶಾಂತರ ಹೋದನು. ವರ್ಷಗಟ್ಟಲೆ ಕಾಸು ಕಳಿಸಲಿಲ್ಲ. ಅವಳು ಮಕ್ಕಳಿಗೆ ಪಾಠ ಹೇಳುತ್ತಿದ್ದ ತನ್ನ ಅಣ್ಣನ ಜೊತೆ ಸೇರಿ ತಾನೂ ಧರ್ಮಗ್ರಂಥ ಕಲಿತು ಪಾಠ ಹೇಳತೊಡಗಿದಳು. ಅಣ್ಣ ಊರು ಬಿಟ್ಟ ಮೇಲೆ ಶಾಲೆಯನ್ನು ತಾನೇ ನಡೆಸಿದಳು. ಆಗ ಗಂಡ ಹಿಂತಿರುಗಿ ಬಂದು, ಹೆಂಡತಿ ಪಾಠ ಹೇಳುವುದು ತನ್ನ ಮರ್ಯಾದೆಗೆ ಕುಂದು, ಶಾಲೆ ಮುಚ್ಚಲಿ ಎಂದು ಹಠ ಹಿಡಿದನು. ಇವನು ನಾಳೆ ಮತ್ತೆ ಓಡಿಹೋದರೆ ನನ್ನ ಗತಿಯೇನು, ಚದುರಿದ ಮಕ್ಕಳು ಮತ್ತೆ ಬರುತ್ತಾರೆಯೆ ಎಂದು ಅವಳ ಪ್ರಶ್ನೆ. ಶಾಸ್ತ್ರದ ಅಕ್ಷರ ಗಂಡನ ಕಡೆಗಿತ್ತು; ಪಾಠ ನಿಲ್ಲಿಸುವ ಅಧಿಕಾರ ಅವನಿಗುಂಟು ಎಂದು ರಬ್ಬಿ ಹೇಳಲೇಬೇಕಾಯಿತು. ಆದರೆ ಅಷ್ಟಕ್ಕೇ ಬಿಡಲಿಲ್ಲ. ಅವಳು ಅವನೊಡನೆ ಬಾಳಲು ಒಲ್ಲೆನೆಂದು ನಿಲ್ಲಲಿ. ಮದುವೆಯ ಕರಾರಿನ ಹಣ ಹೋದರೆ ಹೋಗಲಿ. ನ್ಯಾಯಸ್ಥಾನವು ಗಂಡನಿಂದ ಬಿಡುಗಡೆ ಕೊಡಿಸುತ್ತದೆ. ಆಮೇಲೆ ಅವಳು ತನಗೆ ತಾನೇ ಒಡತಿ, ಬೇಕಾದವರಿಗೆ ಪಾಠ ಹೇಳಬಹುದು ಎಂದು ದಾರಿ ತೋರಿಸಿದನು. ಆ ಬಗೆಯ ಹೆಂಗಸಿಗೆ ಹಣಕ್ಕಿಂತ ಅವಳ ಶಾಲೆ ದೊಡ್ಡದು ಎಂಬುದನ್ನು ಆತನು ಅರಿತಿದ್ದನು. ಮಕ್ಕಳಿಗೆ ಗ್ರಂಥ ಓದಿಸಿ ಕೂಲಿ ಪಡೆಯುವುದನ್ನು ಆತನ ಸಂಹಿತೆ ನಿಷೇಧಿಸಿರಲಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು.

ಇಷ್ಟೆಲ್ಲಕ್ಕೂ ಆತನು ತೆತ್ತ ಬೆಲೆಯೇನು? ಸಲಾದಿನ್ ಸುಲ್ತಾನನ ಮಂತ್ರಿಯಾಗಿದ್ದ ಅಲ್ ಫಾದಿಲ್‌ನ ಆಶ್ರಯ ದೊರೆತು ಆತನು ಅರಮನೆಯ ವೈದ್ಯನಾದನು. 1186ರಲ್ಲಿ ಮಗ ಅಬ್ರಹಾಮ ಹುಟ್ಟಿದನು. ಹೊರಗಿನಿಂದ ನೋಡಿದವರಿಗೆ ಭಾಗ್ಯವಂತನಾಗಿಯೇ ಕಂಡಿರಬೇಕು. ಒಳಗಿನ ಚಿತ್ರ 1199ರಲ್ಲಿ ಬರೆದ ಒಂದು ಪತ್ರದಲ್ಲಿದೆ. ಆತನ ಅರಬ್ಬೀ ಗ್ರಂಥವನ್ನು ಹೀಬ್ರೂ ಭಾಷೆಗೆ ತರುತ್ತಿದ್ದ ಸಾಮ್ಯುಯೆಲ್ ಇಬ್ನ್ ತಿಬ್ಬೋನ್ ಎಂಬ ಫ್ರಾನ್ಸಿನ ಪಂಡಿತನು ಬಂದು ಕಾಣಬೇಕೆಂದು ಕೇಳಿದ್ದನು. ಬಂದು ನೋಡಿದರೂ ನನ್ನೊಡನೆ ಒಂದು ಗಳಿಗೆ ಏಕಾಂತದಲ್ಲಿ ಕೂರುವ ಆಸೆಯಿಟ್ಟುಕೊಳ್ಳಬೇಡ ಎಂಬುದು ಉತ್ತರದ ಸಾರ. ಬೆಳಗಾಗುತ್ತಲೆ ಕೈರೋದ ಅರಮನೆಗೆ ಹೋಗಬೇಕು. ಮಧ್ಯಾಹ್ನ ಕಳೆದು ಹಸಿದು ಮನೆಗೆ ಬಂದರೆ ಪಡಸಾಲೆಯ ತುಂಬ ರೋಗಿಗಳು: ಯೆಹೂದ್ಯರು, ಅನ್ಯಧರ್ಮೀಯರು, ದೊಡ್ಡವರು, ಬಡವರು, ಮಿತ್ರರು, ಶತ್ರುಗಳು. ಅವರಲ್ಲಿ ಸ್ವಲ್ಪ ಅವಕಾಶ ಬೇಡಿ ನಾಲ್ಕು ತುತ್ತು ತಿನ್ನಬೇಕು. ಇಡೀ ದಿನಕ್ಕೆ ಅದೊಂದೇ ಊಟ. ಆಮೇಲೆ ಕತ್ತಲಾಗಿ ಎಷ್ಟೋ ಹೊತ್ತಿನವರೆಗೆ ಚಿಕಿತ್ಸೆ; ಆಯಾಸದಿಂದ ಮಲಗಿಕೊಂಡೇ ಮಾತನಾಡಬೇಕು. ಸಮಾಜದವರಿಗೆ ಸಿಕ್ಕುವುದು ಶನಿವಾರ ಮಾತ್ರ. ಅಂದು ಪ್ರಾರ್ಥನೆಯಾದ ಮೇಲೆ ಎಲ್ಲರೂ ಬರುತ್ತಾರೆ, ವಾರದ ಕೆಲಸಗಳಿಗೆ ಸಲಹೆ ಕೇಳುತ್ತಾರೆ, ಸ್ವಲ್ಪ ಓದುತ್ತಾರೆ.

ಆ ಪತ್ರವನ್ನು ಓದಿದವರಿಗೆ ಒಂದು ಸಂದೇಹ ಬರುವುದು ಸಹಜ. ತಾನು ಹಾಕಿದ ಗೆರೆಯನ್ನು ದಾಟಿ ಸಮಾಜದ ಸಂಬಳ ಪಡೆದಿದ್ದರೆ ಇನ್ನೆಷ್ಟು ಗ್ರಂಥಗಳನ್ನು ಬರೆಯಬಹುದಾಗಿತ್ತೋ! ಆದರೆ ಆತನ ಮನಸ್ಸು ಬದಲಾಗಲಿಲ್ಲ. ಪ್ರಿಯಶಿಷ್ಯ ಯೋಸೇಫನು ಬಾಗ್ದಾದಿನಲ್ಲಿ ವಿದ್ಯಾಪೀಠ ತೆರೆಯುವ ವಿಚಾರ ತಿಳಿಸಿದಾಗ, ಅಲ್ಲಿಯ ಸಮಾಜದ ಅಧಿಪತಿಯ ಹಂಗಿನ ಅಧಿಕಾರಕ್ಕಿಂತ ನೇಯ್ಗೆಯಿಂದಲೋ ಹೊಲಿಗೆಯಿಂದಲೋ ಮರಗೆಲಸದಿಂದಲೋ ಬಂದ ಒಂದು ಕಾಸು ನನಗೆ ಹೆಚ್ಚು ಎಂದು ಎಚ್ಚರಿಸಿದನು. ವ್ಯಾಪಾರ ಮಾಡು, ವೈದ್ಯ ಕಲಿ, ಅದರ ಜೊತೆಗೆ ತೋರಾ ಓದು ಎಂಬುದು ಆತನ ಬುದ್ಧಿವಾದ.

ಮುಂದಿನವರು ಈ ಮಾತನ್ನು ಉಳಿಸಿಕೊಂಡರೆ? ಇಲ್ಲ. 1391ರಲ್ಲಿ ಸ್ಪೇನಿನ ರಾಜ್ಯಗಳಲ್ಲಿ ಯೆಹೂದ್ಯರ ಮೇಲೆ ದೊಂಬಿಗಳೆದ್ದಾಗ, ಸಿಮೋನ್ ದುರಾನ್ ಎಂಬ ವೈದ್ಯನಾದ ಪಂಡಿತನು ಮಜೋರ್ಕಾ ದ್ವೀಪದಿಂದ ಅಲ್ಜೀರ್ಸ್‌ಗೆ ಓಡಿಬಂದನು. ಆಸ್ತಿ ಹೋಗಿತ್ತು. ಆ ಊರಿನಲ್ಲಿ ವೈದ್ಯದಿಂದ ಹೊಟ್ಟೆ ತುಂಬುತ್ತಿರಲಿಲ್ಲ. ವಿಧಿಯಿಲ್ಲದೆ ರಬ್ಬಿಯ ಕೆಲಸಕ್ಕೆ ಸಂಬಳ ಒಪ್ಪಿಕೊಂಡನು. ಒಪ್ಪಿಕೊಂಡದ್ದಕ್ಕೆ ಸಮರ್ಥನೆಯನ್ನೂ ಬರೆದನು. ಮೈಮಾನಿಡೀಸನಿಗೆ ರಾಜಮನ್ನಣೆಯ ವೈದ್ಯವಿತ್ತು, ಎಲ್ಲರಿಗೂ ಆ ಭಾಗ್ಯವಿದೆಯೆ ಎಂಬುದು ಅವನ ವಾದ. ಹದಿನಾರನೆಯ ಶತಮಾನದ ಯೋಸೇಫ್ ಕಾರೋ, ಮೈಮಾನಿಡೀಸನ ಸಂಹಿತೆಗೆ ವ್ಯಾಖ್ಯಾನ ಬರೆದ ಮಹಾಪಂಡಿತ, ಈ ಒಂದು ವಿಷಯದಲ್ಲಿ ಮೂಲವನ್ನು ಒಪ್ಪಲಿಲ್ಲ. ಪಂಡಿತರಿಗೆ ಅನ್ನವಿಲ್ಲದಿದ್ದರೆ ತೋರಾ ಮರೆತೇಹೋಗುತ್ತಿತ್ತು ಎಂದನು. ಇಂದು ಲೋಕದ ಎಲ್ಲ ಕಡೆ ರಬ್ಬಿಗಳು ಸಂಬಳ ಪಡೆಯುತ್ತಾರೆ. ಆದರೆ ಆ ಸಂಬಳಕ್ಕೆ ಶಾಸ್ತ್ರಜ್ಞರು ಕೊಡುವ ಕಾರಣವನ್ನು ನೋಡಿ: ಅದು ತೋರಾ ಹೇಳಿಕೊಟ್ಟದ್ದಕ್ಕಲ್ಲ, ಆ ಹೊತ್ತಿನಲ್ಲಿ ಬೇರೆ ಕೆಲಸ ಮಾಡಲಾಗದೆ ಹೋದ ನಷ್ಟಕ್ಕೆ. ನೀರು ಸೇದುವ ಕಾರ್ನಾನು ಹೀಗೆ ಮತ್ತೆ ಬರುತ್ತಾನೆ! ಮೈಮಾನಿಡೀಸನ ವಾದದಿಂದ ಪೂರ್ತಿ ತಪ್ಪಿಸಿಕೊಳ್ಳಲು ಯಾರಿಗೂ ಧೈರ್ಯ ಬರಲಿಲ್ಲ.

ದುರಾನನ ಮಾತಿನಲ್ಲಿ ಸತ್ಯವಿದೆ ಎಂದು ನಾನು ಒಪ್ಪುತ್ತೇನೆ. ಒಬ್ಬ ಮಹಾಪುರುಷನಿಂದ ಸಾಧ್ಯವಾದದ್ದನ್ನು ಎಲ್ಲ ಪಂಡಿತರಿಗೂ ಕಾನೂನು ಮಾಡುವುದು ಕಷ್ಟ. ಆದರೆ ದುರಾನನು ಎತ್ತದ ಇನ್ನೊಂದು ಆಕ್ಷೇಪ ನನ್ನ ಮನಸ್ಸಿನಲ್ಲಿದೆ. ಭಾಷ್ಯ ಬರೆಯುವ ಕಾಲಕ್ಕೆ ಮೈಮಾನಿಡೀಸನೂ ಇನ್ನೊಬ್ಬನ ದುಡಿಮೆಯ ಅನ್ನವನ್ನೇ ಉಣ್ಣುತ್ತಿದ್ದನು. ಬಂಡವಾಳದಲ್ಲಿ ಆತನ ಪಾಲಿತ್ತು, ನಿಜ. ಆದರೆ ಮರುಭೂಮಿಯಲ್ಲಿ ದಾರಿ ತಪ್ಪಿದ ಕಾಲು ಆತನದಲ್ಲ. ಮುಳುಗಿದ ಉಸಿರು ಆತನದಲ್ಲ. ದಾವೀದನೂ ತಾಲ್ಮುದ್ ಬಲ್ಲವನು, ಹೀಬ್ರೂ ವ್ಯಾಕರಣದಲ್ಲಿ ಪಳಗಿದವನು ಎಂದು ಅಣ್ಣನೇ ಸಾರಿದ್ದಾನೆ. ಒಂದು ಮನೆಯಲ್ಲಿ ಇಬ್ಬರು ಪಂಡಿತರಿದ್ದರು. ಒಬ್ಬನು ಗ್ರಂಥ ಬರೆಯಲೆಂದು ಇನ್ನೊಬ್ಬನು ಸಂತೆಗೆ ಹೋದನು. ಸಮಾಜದ ಹಂಗು ಬೇಡವೆಂದವನು ತಮ್ಮನ ಹಂಗಿನಲ್ಲಿದ್ದನು. ಯೆಫೆತನಿಗೆ ಬರೆದ ಪತ್ರದಲ್ಲಿ, ಅವನು ದುಡಿದ, ನಾನು ನಿಶ್ಚಿಂತೆಯಿಂದ ಕುಳಿತೆ ಎಂದು ಬರೆದಾಗ ಆತನಿಗೆ ಇದೆಲ್ಲ ಗೊತ್ತಿತ್ತು ಎಂದೇ ನನ್ನ ಭಾವನೆ. ಆ ಮೇಲಿನ ಇಪ್ಪತ್ತೇಳು ವರ್ಷಗಳ ಗೇಯ್ಮೆಯನ್ನು, ದಿನಕ್ಕೊಂದು ಊಟವನ್ನು, ಕತ್ತಲಲ್ಲಿ ಮಲಗಿಯೇ ರೋಗಿಗಳನ್ನು ನೋಡಿದ್ದನ್ನು ತತ್ತ್ವನಿಷ್ಠೆಯೆಂದು ಕರೆಯಬಹುದು. ಸಾಲ ತೀರಿಸುವುದು ಎಂದೂ ಕರೆಯಬಹುದು.

ಮೈಮಾನಿಡೀಸನು 1204ರ ಡಿಸೆಂಬರಿನಲ್ಲಿ ಕಾಲವಾದನು. ಮಗ ಅಬ್ರಹಾಮನು ತಂದೆಯ ಜಾಗದಲ್ಲಿ ಸಮಾಜದ ಹಿರಿಯನಾದನು, ಅವನೂ ವೈದ್ಯನೇ. ಸುಮಾರು ಎರಡು ಶತಮಾನ ಆ ಮನೆತನದವರೇ ಈಜಿಪ್ಟಿನ ಯೆಹೂದ್ಯರಿಗೆ ಮುಂದಾಳುಗಳಾಗಿದ್ದರು. ತಂದೆಯ ಸಂಹಿತೆ, ಭಾಷ್ಯ, ತತ್ತ್ವಗ್ರಂಥಗಳು ಹತ್ತಾರು ಭಾಷೆಗಳಲ್ಲಿ ಅಚ್ಚಾಗಿವೆ. ದಾವೀದನ ಹೆಸರಿನಲ್ಲಿ ನಮಗೆ ಬಂದಿರುವುದು ಐದಾಬಿನಿಂದ ಬರೆದ ಆ ಕಾಗದ. ಚಿಕ್ಕವಳನ್ನು ಹೆದರಿಸಬೇಡ ಎಂದು ಅಣ್ಣನನ್ನು ಕೇಳಿಕೊಂಡು ಹಡಗು ಹತ್ತಿದವನ ಕಾಗದ.